ಎಡಮಗ್ಗುಲಿನ ಮೆಟ್ಟಿಲು

ನನ್ನ ಸರದಿ ಬಂದದ್ದು ನಡುಬೇಸಿಗೆಯಲ್ಲಿ, ಒಂದು ಮಂಗಳವಾರ ಬೆಳಗ್ಗೆ, ತಲೆಗೆ ಎಣ್ಣೆ ಹಚ್ಚಿಕೊಳ್ಳಲು ಕೂತಾಗ. ಹೊರಗೆ ಕಾಗೆಗಳು ಬಾಯಿ ತೆರೆದುಕೊಂಡು ಗೋಡೆಯ ನೆರಳಿನಲ್ಲಿ ಕೂತಿದ್ದವು. ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ನೀರಿನಂತೆ ತೆಳ್ಳಗಿತ್ತು. ಅಂಗೈಗೆ ಸುರಿದುಕೊಂಡೆ. ಸುರಿದದ್ದು ಸುರಿದ ಹಾಗೇ ಬೆಳ್ಳಗೆ ಗಟ್ಟಿಯಾಯಿತು. ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರಿತು. ಇನ್ನೊಂದು ಅಂಗೈಗೂ ಸುರಿದು ನೋಡಿದೆ, ಅಲ್ಲೂ ಅದೇ. ಐವತ್ತೆಂಟು ವರ್ಷ ಇದಕ್ಕೇ ಕಾದವಳಿಗೆ ಆಶ್ಚರ್ಯವಾಗಬಾರದಿತ್ತು. 

ನಮ್ಮ ಊರಿನಲ್ಲಿ ಚಳಿ ಎಲ್ಲರಿಗೂ ಒಟ್ಟಿಗೆ ಬರುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಸಲ ಬರುತ್ತದೆ. ಪಕ್ಕದಲ್ಲಿ ಕೂತವರು ಬೀಸಣಿಗೆಯಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರೂ ಸರದಿ ಬಂದವರ ಬಾಯಿಂದ ಹಬೆ ಏಳುತ್ತದೆ. ಕೆಲವರಿಗೆ ಜೀವಮಾನಕ್ಕೆ ಒಂದು ಬಾರಿ, ಕೆಲವರಿಗೆ ಎರಡು ಬಾರಿ. ಎಣ್ಣೆ ಗಟ್ಟಿಯಾದ ದಿನದಿಂದ ಇಪ್ಪತ್ತೊಂದು ದಿನ ಬಿಡುವು. ಇಪ್ಪತ್ತೆರಡನೆಯ ದಿನ ಅದೇ ಹೊತ್ತಿಗೆ ಚಳಿ ಮೈಮೇಲೆ ಇಳಿಯುತ್ತದೆ, ಇಳಿದರೆ ಒಂದು ತಿಂಗಳು ಬಿಡುವುದಿಲ್ಲ. ಅಷ್ಟರೊಳಗೆ ಸ್ವೆಟರ್ ಸಿದ್ಧವಾಗಿರಬೇಕು, ಇಲ್ಲವಾದರೆ ಜೀವ ಉಳಿಯುವುದಿಲ್ಲ. ಅಂಗಡಿಯದು ನಡೆಯುವುದಿಲ್ಲ. ಇನ್ನೊಬ್ಬರಿಗೆ ಹೆಣೆದದ್ದೂ, ಹಿಂದಿನ ಸರದಿಯಲ್ಲಿ ತೊಟ್ಟದ್ದೂ ನಡೆಯುವುದಿಲ್ಲ. ತನಗೆ ತಾನೇ ಹೆಣೆದುಕೊಂಡದ್ದು ಬರೀ ಬಟ್ಟೆ, ಅದರಿಂದ ಮಾನ ಮುಚ್ಚಬಹುದು, ಮೈ ಬೆಚ್ಚಗಾಗುವುದಿಲ್ಲ. ಬೇರೆಯವರು ಹೆಣೆದಿರಬೇಕು, ಮೊದಲ ಕುಣಿಕೆಯಿಂದ ಕೊನೆಯ ಗಂಟಿನವರೆಗೆ ಒಂದೇ ಕೈ ಹೆಣೆದಿರಬೇಕು, ಮತ್ತು ಪಟ್ಟೆ ಇರಬೇಕು. ಯಾಕೆ ಪಟ್ಟೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಹೊರಗಿನಿಂದ ಬರುವ ಬಸ್ಸಿನ ಡ್ರೈವರುಗಳು ಉರಿಬಿಸಿಲಿನಲ್ಲಿ ಉಲ್ಲನ್ ಅಂಗಡಿಯ ಮುಂದಿನ ನೂಕುನುಗ್ಗಲು ನೋಡಿ ನಗುತ್ತಾರೆ. ಹಾಗೆ ನಗುತ್ತಾ ಬಂದ ಪೋಸ್ಟ್‌ಮಾಸ್ತರರೊಬ್ಬರು ಇಲ್ಲಿಗೇ ವರ್ಗವಾಗಿ ಬಂದು, ಮೂರನೆಯ ವರ್ಷ ಅಂಗೈಯಲ್ಲಿ ಎಣ್ಣೆ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದಿದ್ದರು. ಅವರಿಗೆ ಹಸಿರು ಬಿಳಿ ಪಟ್ಟೆಯದು ಹಾಕಿಕೊಟ್ಟೆ. ಆಮೇಲೆ ಅವರು ನಗಲಿಲ್ಲ.

ಈ ಊರಿನಲ್ಲಿ ಅಂಬುಜಕ್ಕನ ಸ್ವೆಟರ್ ಎಂದರೆ ಕಣ್ಣುಮುಚ್ಚಿ ತೊಡಬಹುದು ಎನ್ನುತ್ತಿದ್ದರು. ಆ ಅಂಬುಜಕ್ಕ ನಾನೇ. ಜಂಬ ಎಂದುಕೊಂಡರೆ ಎಂದುಕೊಳ್ಳಿ. ಮೊದಲು ಇಲ್ಲಿಯವರು ಮುಂದಿನ ಭಾಗ ಬೇರೆ, ಹಿಂದಿನ ಭಾಗ ಬೇರೆ ಹೆಣೆದು ಪಕ್ಕಗಳನ್ನು ಹೊಲಿಯುತ್ತಿದ್ದರು. ವೈರಿನಿಂದ ಜೋಡಿಸಿದ ಕಡ್ಡಿಗಳನ್ನು ತರಿಸಿ, ಹೊಲಿಗೆಯೇ ಇಲ್ಲದಂತೆ ಸುತ್ತಲೂ ಒಂದೇ ಸಮನೆ ಹೆಣೆಯುವುದನ್ನು ತಂದವಳು ನಾನು. ತೋಳಿನ ಪಟ್ಟೆ ಮೈಪಟ್ಟೆಗೆ ಸರಿಯಾಗಿ ಕೂಡಬೇಕಾದರೆ ಕಂಕುಳಿನಿಂದ ಕೆಳಕ್ಕೆ ಎಣಿಸಿಕೊಂಡು ಹೋಗಿ ಮಣಿಕಟ್ಟಿನಲ್ಲಿ ಯಾವ ಬಣ್ಣದಿಂದ ಶುರುಮಾಡಬೇಕು ಎಂಬುದನ್ನು ಕಲಿಸಿದವಳೂ ನಾನೇ. ಆದರೆ ಸುತ್ತು ಹೆಣಿಗೆಯಲ್ಲಿ ಒಂದು ತೊಂದರೆ ಇದೆ. ನೋಡುವವರಿಗೆ ಅದು ಸುತ್ತು, ನಿಜದಲ್ಲಿ ಅದು ಸುರುಳಿ. ಸುತ್ತಿನ ಕೊನೆ ಬಂದು ನಿಲ್ಲುವುದು ಅದರ ಆರಂಭಕ್ಕಿಂತ ಒಂದು ಸಾಲು ಮೇಲೆ. ಒಂದೇ ಬಣ್ಣವಾದರೆ ಗೊತ್ತಾಗುವುದಿಲ್ಲ. ಬಣ್ಣ ಬದಲಾಯಿಸಿದಿರೋ, ಅಲ್ಲಿ ಪಟ್ಟೆಯ ಎರಡು ತುದಿ ಕೂಡದೆ ಮೆಟ್ಟಿಲಿನ ಹಾಗೆ ಮುರಿಯುತ್ತದೆ. ಸುತ್ತು ಶುರುವಾಗುವುದು ಎಡಗಡೆ ಕಂಕುಳಿನ ಕೆಳಗೆ, ಆದ್ದರಿಂದ ಮೆಟ್ಟಿಲೂ ಎಡಮಗ್ಗುಲಿನಲ್ಲೇ ಬೀಳುತ್ತದೆ. ಅದಕ್ಕೆ ಉಪಾಯ ಕಂಡುಹಿಡಿದವಳೂ ನಾನು. ಹೊಸ ಬಣ್ಣದ ಮೊದಲ ಸುತ್ತು ಮುಗಿದ ಮೇಲೆ, ಎರಡನೆಯ ಸುತ್ತಿನ ಮೊದಲ ಕುಣಿಕೆಯನ್ನು ಹೆಣೆಯದೆ ಸುಮ್ಮನೆ ಬಲಗಡೆಯ ಕಡ್ಡಿಗೆ ದಾಟಿಸಬೇಕು. ಅಷ್ಟೇ. ಮೆಟ್ಟಿಲು ಮಾಯ.

ಅಷ್ಟು ಹೇಳಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ನಾನು ಇನ್ನೊಂದು ಮಾತು ಸೇರಿಸಿದೆ. ಮೆಟ್ಟಿಲು ಬಿಟ್ಟರೆ ಚಳಿ ಅದನ್ನೇ ಹತ್ತಿಕೊಂಡು ಒಳಗೆ ಬರುತ್ತದೆ ಎಂದೆ. ಯಾರು ಹೇಳಿದರು ಎಂದು ನನ್ನನ್ನು ಯಾರೂ ಕೇಳಲಿಲ್ಲ. ನನಗೂ ಯಾರೂ ಹೇಳಿರಲಿಲ್ಲ. ಸೋಮಾರಿ ಕೈಗಳನ್ನು ಹೆದರಿಸಲು ಹೇಳಿದ ಮಾತು ಅದು. ವರ್ಷ ಕಳೆದಂತೆ ಹೇಳಿದ ನಾನೂ ಅದನ್ನು ನಂಬಿದೆ. ಮೆಟ್ಟಿಲು ಬಿದ್ದ ಸ್ವೆಟರನ್ನು ತೊಟ್ಟು ನೋಡುವವರಾದರೂ ಯಾರು? ನನ್ನ ಕಣ್ಣಿಗೆ ಬಿದ್ದದ್ದೆಲ್ಲ ಬಿಚ್ಚಿಸಿ ಉಂಡೆಯಾಗುತ್ತಿತ್ತು.

ಎಣ್ಣೆ ಗಟ್ಟಿಯಾದ ಮರುದಿನ ಸಾವಂತ್ರಿಯ ಮನೆಗೆ ಹೋದೆ. ನನ್ನ ಕೈಕೆಳಗೆ ಕಲಿತವರಲ್ಲಿ ಅವಳಷ್ಟು ಹದವಾಗಿ ದಾರ ಹಿಡಿಯುವವಳು ಇನ್ನೊಬ್ಬಳಿರಲಿಲ್ಲ. ಕಾಳು ಆರಿಸುತ್ತಿದ್ದವಳು ಮೊರ ಪಕ್ಕಕ್ಕಿಟ್ಟು ಚಾಪೆ ಹಾಸಿದಳು. ಎಣ್ಣೆ ಗಟ್ಟಿಕಟ್ಟಿದ ಅಂಗೈ ತೋರಿಸಿದೆ.

"ಅಯ್ಯೋ, ಬಂದೇಬಿಡ್ತಾ ಅಕ್ಕಾ?" ಎಂದಳು. ಆಮೇಲೆ ನಾನು ಬಂದದ್ದು ಯಾಕೆಂದು ಹೊಳೆದು ಅವಳ ಮುಖ ಬಿಳಿಚಿಕೊಂಡಿತು. "ಬೇರೆ ಏನಾದ್ರೂ ಕೇಳಿ. ಇದೊಂದು ಕೇಳ್ಬೇಡಿ."

"ನಿನ್ನ ಕೈ ಚೆನ್ನಾಗಿದೆ ಕಣೆ."

"ಚೆನ್ನಾಗಿದ್ದಿದ್ರೆ ಅವರು ಇರ್ತಿದ್ರು. ಕಡ್ಡಿ ಮುಟ್ಟಲ್ಲ ಅಂತ ಅವತ್ತೇ ಆಣೆ ಮಾಡಿದೀನಿ."

ಅವರು ಎಂದರೆ ಅವಳ ಗಂಡ ಹಾಲಪ್ಪ. ಒಂಬತ್ತು ವರ್ಷದ ಹಿಂದೆ ಅವನ ಸರದಿ ಬಂದಾಗ ಸಾವಂತ್ರಿಯೇ ಹೆಣೆದಿದ್ದಳು. ಮೈಭಾಗ ಮುಗಿದಿದ್ದಾಗ ನನಗೆ ತೋರಿಸಲು ತಂದಳು. ನಾಲ್ಕನೆಯ ಪಟ್ಟೆಯಲ್ಲಿ ಕುಣಿಕೆ ದಾಟಿಸುವುದನ್ನು ಮರೆತಿದ್ದಳು. ಬಿಚ್ಚು ಎಂದೆ. ಎಂಟು ದಿನ ಉಳಿದಿತ್ತು. ಅಳುತ್ತಾ ಬಿಚ್ಚಿ, ಅಳುತ್ತಾ ಮತ್ತೆ ಹೆಣೆದಳು. ಚಳಿ ಇಳಿದಾಗ ಹಾಲಪ್ಪನ ಸ್ವೆಟರಿಗೆ ತೋಳುಗಳೇ ಆಗಿರಲಿಲ್ಲ. ಹೆಣದ ಮುಂದೆ ಕೂತು ಅವಳು ನನ್ನ ಕೈ ಹಿಡಿದುಕೊಂಡು, "ನೀವು ಸರಿಯಾಗೇ ಹೇಳಿದ್ರಿ ಅಕ್ಕಾ, ನನ್ನ ಹಾಳು ಮರೆವೇ ಅವರನ್ನ ತಿಂತು" ಎಂದಿದ್ದಳು. ಹೌದಮ್ಮಾ ಎಂದು ತಲೆ ಸವರಿ ಬಂದಿದ್ದೆ.

ಸಾವಂತ್ರಿ ಆಗದು ಎಂದ ಮೇಲೆ ದ್ರಾಕ್ಷಾಯಣಿಯನ್ನು ಕೇಳಿದೆ. ಉಲ್ಲನ್ ಅಂಗಡಿಯವನ ಹೆಂಡತಿ, ಬಾಯಿ ಜೋರು, ಕೈಯೂ ಚುರುಕು. "ಅದಕ್ಕೇನು, ಹಾಕೋಣ ಬಿಡಿ" ಎಂದು ನಗುನಗುತ್ತಾ ಒಪ್ಪಿದಳು. ಮೂರನೆಯ ದಿನ ಕೆಳಗಿನ ಅಂಚಿನ ಪಟ್ಟಿ ಹೆಣೆದುಕೊಂಡು ತೋರಿಸಲು ಬಂದಳು. ನಾನು ಸುಮ್ಮನಿರಬೇಕಿತ್ತು. ನನ್ನ ಪ್ರಾಣ ಅವಳ ಕಡ್ಡಿಯ ಮೇಲಿತ್ತು ಎಂಬುದು ನನಗೆ ಗೊತ್ತಿತ್ತು. ಆದರೂ ಪಟ್ಟಿಯನ್ನು ಎಳೆದು ನೋಡಿದೆ, ಮೂಗು ಮುರಿದೆ, "ಏನೇ ಇದು, ಗೋಣಿಚೀಲದ ಬಾಯಿ ಕಟ್ಟಿದ ಹಾಗಿದೆ" ಎಂದೆ. ಅವಳು ಪಟ್ಟಿ ಸುತ್ತಿಕೊಂಡು ಹೋದಳು. ಐದನೆಯ ದಿನ ಬಂದಾಗ ಮೊದಲ ಪಟ್ಟೆಯ ಮೇಲೆ ಬೆರಳಿಟ್ಟು ಎರಡು ಕುಣಿಕೆ ಹೆಚ್ಚಾಗಿವೆ ಎಂದೆ. ಹೆಚ್ಚಾಗಿದ್ದವು, ಅದು ಸುಳ್ಳಲ್ಲ. ದ್ರಾಕ್ಷಾಯಣಿ ಹೆಣಿಗೆಯನ್ನು ಕಡ್ಡಿಯ ಸಮೇತ ನನ್ನ ಮಡಿಲಿಗೆ ಹಾಕಿದಳು.

"ಸಾಯೋ ಹೊತ್ತಲ್ಲೂ ನಿಮ್ಮ ಬಾಯಿ ಸುಮ್ನಿರಲ್ವಲ್ಲಾ ಅಂಬುಜಕ್ಕ," ಎಂದಳು. "ಇನ್ನೊಬ್ಬರನ್ನ ನೋಡ್ಕೊಳ್ಳಿ."

ಇನ್ನೊಬ್ಬರು ಸಿಗಲಿಲ್ಲ. ಒಬ್ಬಳಿಗೆ ಬಾಣಂತನ, ಒಬ್ಬಳಿಗೆ ಕಣ್ಣಿನ ಪೊರೆ, ಒಬ್ಬಳಿಗೆ ನಾದಿನಿಯ ಮನೆಯ ಗೃಹಪ್ರವೇಶ. ಕೆಲವರಿಗೆ ನಿಜವಾಗಿಯೂ ಭಯ, ಕೆಲವರು ಬಾಗಿಲು ಹಾಕಿಕೊಂಡ ಮೇಲೆ ಒಳಗೆ ನಕ್ಕಿದ್ದೂ ಕೇಳಿಸಿತು. ಇನ್ನೂರಕ್ಕಿಂತ ಹೆಚ್ಚು ಮೈಗಳನ್ನು ನಾನು ಬೆಚ್ಚಗಿಟ್ಟಿದ್ದೇನೆ. ಆ ಇನ್ನೂರು ಮನೆಗಳಲ್ಲಿ ನನ್ನ ಒಂದು ಮೈಗೆ ಕೈ ಇರಲಿಲ್ಲ. ಗಂಡ ಹೋಗಿ ಬಹಳ ವರ್ಷವಾಯಿತು, ಮಕ್ಕಳಿಲ್ಲ. ಎಂಟನೆಯ ದಿನ ಸಂಜೆ ಮನೆಗೆ ಬಂದು ಕಾಲು ಚಾಚಿ ಕೂತಾಗ, ಉಳಿದದ್ದು ಒಂದೇ ಹೆಸರು ಎಂಬುದು ಗೊತ್ತಿತ್ತು. ಆ ಹೆಸರನ್ನು ಕರೆಯುವುದಕ್ಕಿಂತ ಸಾಯುವುದೇ ವಾಸಿ ಎನಿಸಿತು.

ನಳಿನಿ ನನ್ನ ತಂಗಿ, ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ಹದಿನೆಂಟು ವರ್ಷದ ಹಿಂದೆ ನಮ್ಮ ಅಮ್ಮನಿಗೆ ಎರಡನೆಯ ಸರದಿ ಬಂತು. ಮೊದಲನೆಯದಕ್ಕೆ ಹೆಣೆದವಳು ನಾನೇ, ಈ ಸಲವೂ ನಾನೇ ಎಂದುಕೊಂಡು ಉಲ್ಲನ್ ಕೂಡ ತಂದಿಟ್ಟಿದ್ದೆ. ಅಕ್ಕಪಕ್ಕದವರೆಲ್ಲ ಜಗಲಿಯ ಮೇಲೆ ಕೂತಿದ್ದಾಗ ಅಮ್ಮ ಹೇಳಿದಳು: "ಈ ಸಲ ನಳಿನಿ ಹಾಕ್ಲಿ. ಅಂಬುಜ ಹಾಕಿದ್ದು ಬೆಚ್ಚಗೇನೋ ಇತ್ತು, ಆದ್ರೆ ತಿಂಗಳಿಡೀ ಚುಚ್ಚುತಾನೇ ಇತ್ತು." ಎಲ್ಲರೂ ನಕ್ಕರು. ನಾನೂ ನಕ್ಕೆ.

ನಳಿನಿ ಹೆಣೆದಳು. ದಾರ ಸಡಿಲ ಬಿಟ್ಟು, ಹಾಡಿಕೊಂಡು, ನಡುನಡುವೆ ಅಮ್ಮನ ಭುಜಕ್ಕೆ ಹಿಡಿದು ನೋಡಿ ಇಬ್ಬರೂ ಕಿಸಿಕಿಸಿ ನಗುತ್ತಾ ಹೆಣೆದಳು. ಹದಿನೈದನೆಯ ದಿನಕ್ಕೆ ಕುತ್ತಿಗೆಯ ಪಟ್ಟಿ ಒಂದು ಬಿಟ್ಟು ಎಲ್ಲ ಮುಗಿದಿತ್ತು. ಮಧ್ಯಾಹ್ನ ಅವಳು ಅಮ್ಮನನ್ನು ಸ್ನಾನಕ್ಕೆ ಕರೆದುಕೊಂಡು ಹೋದಾಗ ನಾನು ಅದನ್ನು ಕೈಗೆ ತೆಗೆದುಕೊಂಡೆ. ಎಡಮಗ್ಗುಲಿನಲ್ಲಿ ಪ್ರತಿ ಪಟ್ಟೆಗೂ ಒಂದೊಂದು ಮೆಟ್ಟಿಲು. ಒಂದನ್ನೂ ದಾಟಿಸಿರಲಿಲ್ಲ. ಕಡ್ಡಿ ಎಳೆದು ಬಿಚ್ಚತೊಡಗಿದೆ. ಅವರು ಹೊರಗೆ ಬರುವಷ್ಟರಲ್ಲಿ ಭುಜದಿಂದ ಸೊಂಟದವರೆಗೆ ಬಿಚ್ಚಿ ನೆಲದ ತುಂಬ ದಾರ ರಾಶಿ ಬಿದ್ದಿತ್ತು. ಅಮ್ಮನ ಜೀವ ಉಳಿಸಲು ಬಿಚ್ಚಿದೆ ಎಂದು ಊರಿಗೆಲ್ಲ ಹೇಳಿದೆ, ನನಗೂ ಹಾಗೇ ಹೇಳಿಕೊಂಡೆ. ಆದರೆ ಬಿಚ್ಚುವಾಗ ನನ್ನ ಹೊಟ್ಟೆಯೊಳಗೆ ಇದ್ದದ್ದು ಕಿಚ್ಚು, ಬೇರೇನೂ ಅಲ್ಲ. ದಾರ ಸರಸರ ಬಿಚ್ಚಿಕೊಂಡು ಬರುವಾಗ ಸುಖವಾಗಿತ್ತು.

ನಳಿನಿ ಕಿರುಚಲಿಲ್ಲ. ಒದ್ದೆ ಕೂದಲಿನ ಅಮ್ಮನನ್ನು ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತಳು. ಆರು ದಿನ ಉಳಿದಿತ್ತು. ಅವಳು ಕಡ್ಡಿ ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ನಾನೇ ಹೊಸದಾಗಿ ಶುರುಮಾಡಿದೆ. ನನ್ನಷ್ಟು ವೇಗವಾಗಿ ಹೆಣೆಯುವವರು ಊರಿನಲ್ಲಿ ಇರಲಿಲ್ಲ, ಆದರೂ ಮೈಭಾಗ ಮತ್ತು ಎಡತೋಳು ಅಷ್ಟೇ ಆಯಿತು. ಚಳಿ ಇಳಿದಾಗ ಅಮ್ಮನ ಬಲಗೈ ಬರಿದಾಗಿತ್ತು. ಕಂಬಳಿ ಸುತ್ತಿದೆವು, ಒಲೆಯ ಮುಂದೆ ಕೂರಿಸಿದೆವು, ಯಾವುದೂ ನಾಟಲಿಲ್ಲ. ಮೂರನೆಯ ದಿನ ಹೋದಳು. ನೋಡಲು ಬಂದವರಿಗೆಲ್ಲ ನಾನು ಒಂದೇ ಮಾತು ಹೇಳಿದೆ: ನಳಿನಿ ಮೆಟ್ಟಿಲು ಬಿಡದೇ ಇದ್ದಿದ್ದರೆ ನಾನು ಬಿಚ್ಚಬೇಕಾಗುತ್ತಿರಲಿಲ್ಲ, ಅಮ್ಮ ಸಾಯುತ್ತಿರಲಿಲ್ಲ. ಊರು ನಂಬಿತು. ಅಂದಿನಿಂದ ಅವಳ ಕೈಯಿಂದ ಯಾರೂ ಒಂದು ಟೋಪಿಯನ್ನೂ ಹಾಕಿಸಿಕೊಳ್ಳಲಿಲ್ಲ. ಅವಳಿಗೆ ಬಂದ ಎರಡು ಸಂಬಂಧಗಳೂ, ಅಮ್ಮನನ್ನೇ ಚಳಿಗೆ ಕೊಟ್ಟವಳು ಎಂದು ತಿರುಗಿಹೋದವು. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಮಾಡಿಕೊಂಡು, ದರ್ಜಿ ಅಂಗಡಿಯಲ್ಲಿ ಕಾಜ ಗುಂಡಿ ಹಾಕುತ್ತಾ ಉಳಿದಳು. ದಾರಿಯಲ್ಲಿ ಸಿಕ್ಕರೆ ನಾವು ಎರಡು ಮಾತು ಆಡುತ್ತಿದ್ದೆವು, ಅದು ಯಾವಾಗಲೂ ಬಿಸಿಲಿನ ವಿಷಯ.

ನಾನು ಕರೆಯಲಿಲ್ಲ. ಒಂಬತ್ತನೆಯ ದಿನ ಬೆಳಗ್ಗೆ ಅವಳೇ ಬಂದಳು. ಚಪ್ಪಲಿ ಬಿಟ್ಟು ಒಳಗೆ ಬಂದು, ಚೀಲದಿಂದ ಉಲ್ಲನ್ ಉಂಡೆಗಳನ್ನು ತೆಗೆದು ಚಾಪೆಯ ಮೇಲಿಟ್ಟಳು. ಕಡುನೀಲಿ ಮತ್ತು ಕೆನೆಬಣ್ಣ. ಒಂದು ಸಣ್ಣ ತಪ್ಪೂ ಅಡಗದ ಜೋಡಿ ಅದು, ಬುದ್ಧಿಯಿರುವವರು ಆರಿಸುವಂಥದ್ದಲ್ಲ.

"ಎದ್ದು ನಿಲ್ಲು, ಅಳತೆ ತಗೋತೀನಿ," ಎಂದಳು.

"ಯಾರು ಹೇಳಿದ್ರು ನಿಂಗೆ?"

"ಊರೆಲ್ಲಾ ಹೇಳ್ತಿದೆ. ದ್ರಾಕ್ಷಾಯಣಿ ಅಂಗಡೀಲಿ ನಿಂತು ನಿನ್ನ ಥರಾನೇ ಕುಣಿಕೆ ಎಣಿಸಿ ತೋರಿಸ್ತಿದ್ಲು." ಟೇಪನ್ನು ನನ್ನ ಎದೆಗೆ ಸುತ್ತಿದಳು. "ತೆಳ್ಳಗಾಗಿದೀಯಲ್ಲ."

ದರ್ಜಿ ಅಂಗಡಿಗೆ ರಜೆ ಹೇಳಿ ಅವಳು ದಿನವೂ ನನ್ನ ಮನೆಗೇ ಬಂದು, ನನ್ನ ಎದುರಿಗೇ ಕೂತು ಹೆಣೆದಳು. ಹದಿನೆಂಟು ವರ್ಷ ಕಡ್ಡಿ ಹಿಡಿಯದ ಕೈ ಎಂದು ಹೇಳುವಂತಿರಲಿಲ್ಲ. ಮನೆಯೊಳಗೆ ಬಾಗಿಲು ಹಾಕಿಕೊಂಡು ಹೆಣೆದು ಹೆಣೆದು ಬಿಚ್ಚುತ್ತಿದ್ದಳೋ ಏನೋ. ಕೆಳಗಿನ ಅಂಚು ಹದವಾಗಿ ಬಂತು. ಎಂಟು ಸುತ್ತು ನೀಲಿ ಮುಗಿಯಿತು. ಕೆನೆಬಣ್ಣ ಸೇರಿಸಿ ಒಂದು ಸುತ್ತು ಬಂದಳು. ನಾನು ಅವಳ ಕಡ್ಡಿಯನ್ನೇ ನೋಡುತ್ತಿದ್ದೆ.

"ದಾಟಿಸು," ಎಂದೆ.

"ಏನು?"

"ಮೊದಲನೇ ಕುಣಿಕೆ. ಹೆಣೀಬೇಡ, ದಾಟಿಸು."

"ಗೊತ್ತು ಅಕ್ಕ," ಎಂದಳು, ಅದನ್ನು ಹೆಣೆದಳು.

ಮೂರನೆಯ ಪಟ್ಟೆಯ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ಎಡಮಗ್ಗುಲಿನಲ್ಲಿ ಮೆಟ್ಟಿಲುಗಳು ಎದ್ದು ಕಾಣುತ್ತಿದ್ದವು, ಕುರುಡರೂ ಸವರಿ ಎಣಿಸಬಹುದಿತ್ತು. "ನನ್ನ ಸಾಯಿಸೋಕೆ ಬಂದಿದೀಯಾ?" ಎಂದು ಕೇಳಿದೆ.

ನಳಿನಿ ಹೆಣಿಗೆ ನಿಲ್ಲಿಸಿ ನನ್ನನ್ನು ನೋಡಿದಳು. ಅವಳ ಕಣ್ಣಿನಲ್ಲಿ ಸಿಟ್ಟು ಇದ್ದಿದ್ದರೆ ನನಗೆ ಅರ್ಥವಾಗುತ್ತಿತ್ತು. ಸಿಟ್ಟು ಇರಲಿಲ್ಲ, ದಣಿವಿತ್ತು.

"ಅಮ್ಮಂಗೆ ಹೆಂಗೆ ಹಾಕಿದ್ನೋ ನಿಂಗೂ ಹಂಗೇ ಹಾಕ್ತಿದೀನಿ. ಅದೇ ಕೈ, ಅದೇ ಸಡಿಲ, ಅದೇ ತಪ್ಪು. ಒಂದು ಕುಣಿಕೇನೂ ಬದಲಾಯಿಸಲ್ಲ," ಎಂದಳು. "ಅಮ್ಮ ತೊಟ್ಟಿದ್ದಿದ್ರೆ ಹೆಂಗಿರ್ತಿತ್ತು ಅಂತ ನಂಗೆ ಗೊತ್ತಿಲ್ಲ. ಹದಿನೆಂಟು ವರ್ಷದಿಂದ ಅದೇ ಯೋಚನೆ. ನೀನು ಹೇಳಿದ್ದೇ ನಿಜ ಆದ್ರೆ ನಾನೇ ಅಮ್ಮನ್ನ ಕೊಂದವಳು, ಒಪ್ಕೋತೀನಿ."

"ಅದಕ್ಕೆ ನನ್ನ ಜೀವ ಬೇಕಾ?"

"ಬೇಡ ಅಂದ್ರೆ ಎದ್ದು ಹೋಗ್ತೀನಿ. ಬೇರೆ ಯಾರಾದ್ರೂ ಸಿಕ್ತಾರಾ ನೋಡು."

 ಕೆನೆಬಣ್ಣದ ಉಂಡೆಯನ್ನು ಅವಳ ಕಡೆಗೆ ನೂಕಿದೆ. ಆ ಹನ್ನೆರಡು ದಿನ ನಾನು ಪಟ್ಟ ಹಿಂಸೆಯನ್ನು ಶತ್ರುವಿಗೂ ಕೊಡಬಾರದು. ಸಾವಿನ ಭಯ ಒಂದು ಕಡೆ, ಕಣ್ಣೆದುರಿಗೆ ತಪ್ಪು ಬೆಳೆಯುತ್ತಿದ್ದರೂ ಕೈ ಹಾಕಲಾಗದ ಸಂಕಟ ಇನ್ನೊಂದು ಕಡೆ. ಯಾವುದು ಹೆಚ್ಚು ಎಂದು ಕೇಳಿದರೆ ನಾಚಿಕೆಯಾಗುವ ಉತ್ತರ ಕೊಡಬೇಕಾಗುತ್ತದೆ. ಒಂದು ಮಧ್ಯಾಹ್ನ ಅವಳು ಹಿತ್ತಲಿಗೆ ಹೋದಾಗ ಹೆಣಿಗೆಯನ್ನು ಕೈಗೆತ್ತಿಕೊಂಡೆ. ಕಂಕುಳವರೆಗೆ ಬಂದಿತ್ತು. ಹಗುರವಾಗಿತ್ತು, ಮೆತ್ತಗಿತ್ತು. ಕಡ್ಡಿಯನ್ನು ಸ್ವಲ್ಪ ಎಳೆದರೆ ಸಾಕು, ಎಲ್ಲ ಬಿಚ್ಚಿಕೊಳ್ಳುತ್ತಿತ್ತು. ನನ್ನ ಬೆರಳುಗಳು ಎಳೆಯಲು ಹಾತೊರೆದವು. ಆರು ದಿನ ಉಳಿದಿತ್ತು, ಬಿಚ್ಚಿದರೆ ಮತ್ತೆ ಹೆಣೆಯಲು ಯಾರೂ ಇರಲಿಲ್ಲ. ಇದ್ದ ಜಾಗದಲ್ಲೇ ಇಟ್ಟೆ. ತಿರುಗಿ ನೋಡಿದರೆ ನಳಿನಿ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಬಂದು ಕೂತು ಕಡ್ಡಿ ತೆಗೆದುಕೊಂಡಳು.

ತೋಳಿನ ಪಟ್ಟೆಗಳನ್ನು ಅವಳು ಎಣಿಸಿ ಕೂಡಿಸಿದ್ದಳು, ಅದರಲ್ಲಿ ಹೆಸರಿಡಲು ಏನೂ ಇರಲಿಲ್ಲ. ಕುತ್ತಿಗೆಯ ಕುಣಿಕೆಗಳನ್ನು ಎತ್ತಿಕೊಂಡು ಪಟ್ಟಿ ಹಾಕಿ ಮುಚ್ಚಿದಾಗ ಇಪ್ಪತ್ತೊಂದನೆಯ ದಿನದ ಸಂಜೆಯಾಗಿತ್ತು. ಆ ಹೊತ್ತಿಗೆ ನನ್ನ ಉಗುರುಗಳು ನೀಲಿಯಾಗಿದ್ದವು. ಲೋಟ ಹಿಡಿದರೆ ನೀರಿನ ಮೇಲೆ ತೆಳ್ಳನೆಯ ಪದರ ಕಟ್ಟುತ್ತಿತ್ತು.

ಸ್ವೆಟರ್ ತೊಡಿಸುವ ದಿನ ನಮ್ಮಲ್ಲಿ ನೆರೆಹೊರೆಯವರೆಲ್ಲ ಸೇರುತ್ತಾರೆ. ಹೆಣೆದವರೇ ತೊಡಿಸಬೇಕು. ಚಳಿ ಇಳಿದ ಮೇಲೆ, ಬಂದವರಲ್ಲಿ ಒಬ್ಬರು ಬೆಚ್ಚಗಿದೆಯಾ ಎಂದು ಕೇಳಬೇಕು, ತೊಟ್ಟವರು ಎಲ್ಲರಿಗೂ ಕೇಳುವಂತೆ ಉತ್ತರ ಹೇಳಬೇಕು. ಆಮೇಲೆ ಶುಂಠಿ ಕಾಫಿ ಕುಡಿದು ಹೋಗುತ್ತಾರೆ. ಸಾಮಾನ್ಯವಾಗಿ ಹತ್ತು ಹದಿನೈದು ಜನ. ನನ್ನ ಮನೆಗೆ ಅವತ್ತು ಬೀದಿಯ ತುದಿಯವರೆಗೆ ಜನ ನಿಂತಿದ್ದರು. ನನ್ನಿಂದ ಬೈಸಿಕೊಂಡವರು, ನಾನು ಬಿಚ್ಚಿಸಿದವರು, ನನ್ನ ಸ್ವೆಟರ್ ತೊಟ್ಟು ಬದುಕಿದವರು, ಎಲ್ಲರೂ ಬಂದಿದ್ದರು. ಸಾವಂತ್ರಿ ಮುಂದಿನ ಸಾಲಿನಲ್ಲೇ ಕೂತಿದ್ದಳು. ನನಗಾಗಿ ಎರಡು ದಿನದಿಂದ ಉಪವಾಸವಿದ್ದಳಂತೆ, ಹುಚ್ಚಿ.

ನಳಿನಿ ಸ್ವೆಟರನ್ನು ತಲೆಯ ಮೇಲಿಂದ ಇಳಿಸಿದಳು. ನನ್ನ ಎಡಮಗ್ಗುಲು ಜನರ ಕಡೆಗಿತ್ತು. ಗುಸುಗುಸು ಶುರುವಾಯಿತು. "ಮೆಟ್ಟಿಲು ನೋಡ್ರೇ" ಎಂದು ದ್ರಾಕ್ಷಾಯಣಿ ಗಟ್ಟಿಯಾಗಿಯೇ ಹೇಳಿದಳು. ಯಾರೋ "ಅಯ್ಯೋ, ಇವಳನ್ನೂ ಕೊಂದ್ಲು" ಎಂದರು. ನಳಿನಿಯ ಕಿವಿಗೂ ಬಿದ್ದಿರಬೇಕು. ತೋಳುಗಳನ್ನು ಎಳೆದು ಸರಿಮಾಡಿ, ಅಂಚು ಜಗ್ಗಿ ನನ್ನ ಪಕ್ಕದಲ್ಲಿ ನಿಂತಳು. 

ಹತ್ತು ಗಂಟೆಗೆ ಚಳಿ ಇಳಿಯಿತು. ನೆತ್ತಿಯ ಮೇಲೆ ಯಾರೋ ತಣ್ಣೀರಿನ ಕೊಡ ಬಗ್ಗಿಸಿದಂತೆ ಇಳಿಯಿತು. ಕಣ್ಣುರೆಪ್ಪೆ ಬಿಗಿಯಿತು, ಹಲ್ಲು ಕಟಕಟ ಅಂದಿತು, ಉಸಿರು ಬೆಳ್ಳಗೆ ಮುಖದ ಮುಂದೆ ನಿಂತಿತು. ಕುತ್ತಿಗೆಯವರೆಗೆ ಬಂತು. ಅಲ್ಲಿಂದ ಕೆಳಗೆ ಬರಲಿಲ್ಲ. ನಾನು ಎಡಮಗ್ಗುಲಿನ ಕಡೆಗೇ ಗಮನವಿಟ್ಟು ಕಾದೆ, ಈಗ ಹತ್ತುತ್ತದೆ, ಈಗ ಒಳಗೆ ಬರುತ್ತದೆ ಎಂದು ಕಾದೆ. ಬರಲಿಲ್ಲ. ಮೊದಲು ಬೆನ್ನು ಬೆಚ್ಚಗಾಯಿತು, ಆಮೇಲೆ ಎದೆ, ಆಮೇಲೆ ಎರಡೂ ಕಂಕುಳು. ಎಲ್ಲಿಯೂ ಬಿಗಿಯುತ್ತಿರಲಿಲ್ಲ, ಎಲ್ಲಿಯೂ ಚುಚ್ಚುತ್ತಿರಲಿಲ್ಲ. ನಾನು ಹೆಣೆದ ಯಾವ ಸ್ವೆಟರೂ ಯಾರನ್ನೂ ಇಷ್ಟು ಬೆಚ್ಚಗಿಟ್ಟಿರಲಾರದು. ಹಲ್ಲು ಕಟಕಟಿಸುವುದು ನಿಂತಿತು. ಹಣೆಯ ಮೇಲೆ ಬೆವರು ಮೂಡಿತು. ಆ ಬೆವರು ನನಗೆ ಏನು ಹೇಳುತ್ತಿದೆ ಎಂದು ತಿಳಿದಾಗ, ಅಲ್ಲೇ ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು. ಅಮ್ಮನ ಸ್ವೆಟರಿಗೆ ಕುತ್ತಿಗೆಯ ಪಟ್ಟಿ ಒಂದೇ ಬಾಕಿ ಇತ್ತು.

ಕೇಳಬೇಕಾದವಳು ಮುಂದೆ ಕೂತಿದ್ದ ಸಾವಂತ್ರಿಯೇ ಆಗಬೇಕೆ? ಅವಳು ಎದ್ದು ನಿಂತು ಕೈಮುಗಿದುಕೊಂಡು ಕೇಳಿದಳು, "ಬೆಚ್ಚಗಿದ್ಯಾ ಅಕ್ಕಾ?"

 ಹೌದು ಎಂದರೆ ಮುಗಿಯಿತು. ಹೌದು ಎಂದರೆ ಹಾಲಪ್ಪ ಸತ್ತದ್ದು ಮರೆವಿನಿಂದಲ್ಲ. ಹೌದು ಎಂದರೆ ನಮ್ಮ ಅಮ್ಮ ಸತ್ತದ್ದು ನಳಿನಿಯ ಕೈಯಿಂದಲ್ಲ. ಎರಡು ಅಕ್ಷರ ಸಾಕಿತ್ತು. ನನ್ನ ತಂಗಿ ಪಕ್ಕದಲ್ಲಿ ನಿಂತು ಆ ಎರಡು ಅಕ್ಷರಕ್ಕೆ ಹದಿನೆಂಟು ವರ್ಷದಿಂದ ಕಾಯುತ್ತಿದ್ದಳು.

"ಇಲ್ಲ," ಎಂದೆ. "ಎಡಗಡೆಯಿಂದ ಗಾಳಿ ನುಗ್ತಿದೆ."

ಬೆವರು ಹುಬ್ಬು ದಾಟಿ ಕಣ್ಣಿಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಎತ್ತಲಿಲ್ಲ. ಎತ್ತಿದರೆ ಎಲ್ಲರಿಗೂ ಕಾಣುತ್ತದೆ ಎಂದುಕೊಂಡೆ, ಎತ್ತದಿದ್ದರೂ ಎಲ್ಲರಿಗೂ ಕಾಣುತ್ತಿತ್ತು. ನಳಿನಿ ನನ್ನ ಮುಖ ನೋಡಿದಳು.  ತನ್ನ ಸೆರಗಿನಿಂದ ನನ್ನ ಹಣೆಯನ್ನು ಒರೆಸಿದಳು. ಆಮೇಲೆ ಅಂಗೈ ಚಾಚಿದಳು.

"ಗಾಳಿ ಬರೋದಾದ್ರೆ ಇದನ್ನ ಇಟ್ಕೊಂಡು ಏನು ಮಾಡ್ತೀಯಾ ಅಕ್ಕ," ಎಂದಳು. "ತೆಗೆದುಕೊಡು. ಬಿಚ್ಚಿಬಿಡ್ತೀನಿ."

ನಾನು ಹಿಂದಕ್ಕೆ ಸರಿದೆ. ಗೋಡೆ ಬೆನ್ನಿಗೆ ತಗುಲಿತು. ಎರಡೂ ಕೈಗಳಿಂದ ಸ್ವೆಟರಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ.  ಜನ ನನ್ನ ಮುಖ ನೋಡಲಿಲ್ಲ, ಅಂಚನ್ನು ಹಿಡಿದ ನನ್ನ ಕೈಗಳನ್ನು ನೋಡಿದರು. ಸಾವಂತ್ರಿಯೂ ನೋಡಿದಳು. ಮುಗಿದ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿ, ಕೂತ ಜಾಗದಿಂದ ತನ್ನ ಚೀಲ ಎತ್ತಿಕೊಂಡು, ಕಾಫಿಗೆ ನಿಲ್ಲದೆ ಮೆಟ್ಟಿಲಿಳಿದು ಹೋದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಹೋದರು.